ಸಾಲದ ಚಿಂತೆಗೆ ‘ಮನಸ್ಸು ಗಟ್ಟಿ ಮಾಡಿಕೋ’ ಅಂದರೆ ಸಾಕಾ?

ಸಂಘದ ಸಾಲದ ಚಿಂತೆಯಲ್ಲಿ ಹೆಂಡತಿಗೆ ನಿದ್ದೆ ಬರುತ್ತಿಲ್ಲ, ಮನಸ್ಸು ಗಟ್ಟಿ ಮಾಡಿಕೋ ಅಂದರೂ ಕೇಳುತ್ತಿಲ್ಲ ಅಂತ ಬರೆದಿದ್ದೀರಿ. ದಯವಿಟ್ಟು ಆ ಮಾತು ಇನ್ನು ಹೇಳಬೇಡಿ. ನಮ್ಮ ಅಕ್ಕನಿಗೆ ನಾವೂ ಅದನ್ನೇ ಹೇಳುತ್ತಿದ್ದೆವು.

ಅಕ್ಕ ಇರೋದು ಮಂಡ್ಯ ಕಡೆ ಹಳ್ಳಿಯಲ್ಲಿ. ಒಂದು ಸಾಲ ತೀರಿಸೋಕೆ ಇನ್ನೊಂದು, ಅದಕ್ಕೆ ಮತ್ತೊಂದು. ಪ್ರತಿ ವಾರ ಕಂತು. ಆ ದಿನ ಬೀದಿಯಲ್ಲಿ ಬೈಕಿನ ಸದ್ದು ಕೇಳಿದರೆ ಸಾಕು, ಮುದ್ದೆ ತಿರುವುತ್ತಿದ್ದವಳು ಒಲೆ ಆರಿಸಿ ಹಿತ್ತಲಿಗೆ ಹೋಗಿ ಕೂರುತ್ತಿದ್ದಳು. ಎದೆ ಢವಢವ ಅನ್ನುತ್ತೆ ಅಂತ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಇಸಿಜಿ ನಾರ್ಮಲ್.

ಈ ಸಾಲಕ್ಕೆ ಒಡವೆ, ಪತ್ರ ಏನೂ ಅಡ ಇಡಬೇಕಿಲ್ಲ ಅಲ್ವಾ? ಗುಂಪಿನ ಹೆಂಗಸರೇ ಒಬ್ಬರಿಗೊಬ್ಬರು ಜಾಮೀನು. ಅಕ್ಕ ಕಟ್ಟದಿದ್ದರೆ ಅವಳ ಕಂತು ಉಳಿದವರ ತಲೆ ಮೇಲೆ. ಹಾಗಾಗಿ ದುಡ್ಡು ಕೇಳಿಕೊಂಡು ಬಾಗಿಲಲ್ಲಿ ಕೂತಿದ್ದು, ಅವಳ ಹೆರಿಗೆಗೆ ಜೊತೆಯಲ್ಲಿ ಬಂದಿದ್ದ ಪಕ್ಕದ ಮನೆಯವರು. ಪಾಪ, ಅವರ ಹತ್ತಿರವೂ ದುಡ್ಡಿರಲಿಲ್ಲ. ಕಷ್ಟ ಸುಖ ಹೇಳಿಕೊಳ್ಳೋಕೆ ಅಕ್ಕನಿಗೆ ಇದ್ದವರೂ ಅವರೇ. ಮುಖ ತೋರಿಸೋಕೆ ನಾಚಿಕೆಯಾಗಿ, ನೀರಿಗೂ ಕತ್ತಲಾದ ಮೇಲೆ ಹೋಗೋಳು. ಸಾಲಕ್ಕಿಂತ ಜಾಸ್ತಿ ಅವಳನ್ನು ಕುಗ್ಗಿಸಿದ್ದು ಇದೇ ಅಂತ ನನಗನ್ನಿಸುತ್ತೆ.

ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿ ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ ಹೆಂಗಸರನ್ನು ಮಾತಾಡಿಸಿ ಅಧ್ಯಯನ ಮಾಡಿದ್ದರು. 1978ರಲ್ಲಿ ಅದು ಪ್ರಕಟವಾಯಿತು. ದೊಡ್ಡ ಕಷ್ಟ ಬಂದಾಗ, ಮನಸ್ಸು ಬಿಚ್ಚಿ ಹೇಳಿಕೊಳ್ಳೋಕೆ ಆಪ್ತರು ಇಲ್ಲದವರೇ ಖಿನ್ನತೆಗೆ ಹೆಚ್ಚಾಗಿ ಜಾರುತ್ತಿದ್ದರು. ಅದನ್ನು ಓದುವಾಗ ಅಕ್ಕನ ಮುಖವೇ ಕಣ್ಣ ಮುಂದೆ ಬಂತು.

ಒಂದು ಭಾನುವಾರ ನಾನು, ಭಾವ, ಅಕ್ಕ ಚಾಪೆ ಮೇಲೆ ಎಲ್ಲ ಸಾಲದ ಕಾರ್ಡ್ ಹರಡಿಕೊಂಡು ಕೂತೆವು. ನಾಲ್ಕು ಕಡೆ ಸಾಲ. ಎರಡು ಭಾವನಿಗೆ ಗೊತ್ತೇ ಇರಲಿಲ್ಲ. ಅವರು ಬೈಯಲಿಲ್ಲ. ಅಕ್ಕ ತುಂಬಾ ಹೊತ್ತು ಅತ್ತಳು, ಆಮೇಲೆ ಹೊಟ್ಟೆ ತುಂಬಾ ಉಂಡಳು. ಸ್ವಲ್ಪ ದಿನ ಮಾತ್ರೆಯೂ ಬೇಕಾಯಿತು. ಸಾಲ ಇನ್ನೂ ಇದೆ, ಆದರೆ ನಿದ್ದೆ ಬರುತ್ತೆ.

ನೀವು ಮನಸ್ಸಿನ ಕಷ್ಟಕ್ಕೆ ಅಂತಲೇ ಇರುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ. ಹಗಲು ರಾತ್ರಿ ಇರುತ್ತೆ, ದುಡ್ಡು ಕೊಡಬೇಕಿಲ್ಲ. ಯಾರಾದರೂ ಹೆದರಿಸಿ ವಸೂಲಿಗೆ ನಿಂತರೆ ಪೊಲೀಸರಿಗೆ ದೂರು ಕೊಡಿ. ಅಂಥ ಕಿರುಕುಳ ತಡೆಯೋಕೆ ಅಂತಲೇ 2025ರ ಫೆಬ್ರವರಿಯಲ್ಲಿ ರಾಜ್ಯದಲ್ಲಿ ಸುಗ್ರೀವಾಜ್ಞೆ ಬಂತು, 10 ವರ್ಷದವರೆಗೆ ಜೈಲು ಇದೆ. ಮುಂದಿನ ಕಂತಿನ ದಿನ ಕೆಲಸಕ್ಕೆ ರಜೆ ಹಾಕಿ. ಬಾಗಿಲಿಗೆ ಬಂದವರ ಹತ್ತಿರ ನೀವೇ ಮಾತಾಡಿ.