ಮಳೆಗಾಲದಲ್ಲಿ ಮನೆಗೆ ನೀರಿನಿಂದ ಹಾನಿಯಾಗಿದೆ, ವಿಮೆ ಕ್ಲೇಮ್ ಮಾಡಲೇ, ಬೇಡವೇ?

ಮಡಿಕೇರಿ ಬಳಿಯ ನಿಮ್ಮ ಮನೆಯಲ್ಲಿ ಮಲಗುವ ಕೋಣೆಯ ಸೀಲಿಂಗ್ ನೆನೆದಿದೆ, ಗಾರೆ ಉದುರಿದೆ, ಬೀರು ಉಬ್ಬಿಕೊಂಡಿದೆ. ದುರಸ್ತಿಗೆ ನಲವತ್ತು ಸಾವಿರದಷ್ಟು ಬೇಕು, ಆದರೆ ಕ್ಲೇಮ್ ಮಾಡಿದರೆ ಪ್ರೀಮಿಯಂ ಏರೀತೆಂಬ ಅಳುಕು ಎಂದು ಕೇಳಿದ್ದೀರಿ. ಮೊತ್ತದ ಲೆಕ್ಕ ಆಮೇಲಿರಲಿ. ನೀರು ಎಲ್ಲಿಂದ ಬಂತು ಎಂಬುದನ್ನು ಮೊದಲು ಪತ್ತೆ ಮಾಡಿ. ಕ್ಲೇಮ್ ನಿಲ್ಲುವುದೂ ಬೀಳುವುದೂ ಅದರ ಮೇಲೆಯೇ.

2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ‘ಭಾರತ್ ಗೃಹ ರಕ್ಷಾ’ ಎಂಬ ಮನೆ ವಿಮೆ ಪಾಲಿಸಿಯಲ್ಲಿ ಬಿರುಗಾಳಿ, ಪ್ರವಾಹ, ಭೂಕುಸಿತಗಳಿಗೆ ರಕ್ಷಣೆ ಇದೆ. ನೀರಿನ ಟ್ಯಾಂಕ್ ಅಥವಾ ಪೈಪ್ ಒಡೆದು ಆದ ಹಾನಿಯೂ ಸೇರಿದೆ. ವರ್ಷಗಳಿಂದ ಜಿನುಗಿ ಆದ ತೇವ, ಸವೆತ, ಕಳಪೆ ಕೆಲಸ ಇವಕ್ಕೆ ರಕ್ಷಣೆ ಇಲ್ಲ. ಕೊಡಗಿನಲ್ಲಿ ತಕರಾರು ಹುಟ್ಟುವುದೇ ಇಲ್ಲಿ. ಕಕ್ಕಡ (ಜುಲೈ–ಆಗಸ್ಟ್‌ನ ಜಡಿಮಳೆಯ ತಿಂಗಳು) ಮುಗಿಯುವವರೆಗೆ ಗಾಳಿಗೆ ಮುಖ ಮಾಡಿದ ಗೋಡೆ ಒಣಗುವುದೇ ಇಲ್ಲ, ಕಪಾಟಿನ ಹಿಂದೆ ಬೂಷ್ಟು ಹಿಡಿಯದ ಮನೆಯೂ ಅಪರೂಪ. ಹಾಗಾಗಿ ನಿಜವಾಗಿಯೂ ಒಂದೇ ರಾತ್ರಿ ಆದ ಹಾನಿಯನ್ನೂ ಹಳೆಯ ಸೋರಿಕೆ ಎಂದು ತಳ್ಳಿಹಾಕುವುದು ಸುಲಭ.

ನಮ್ಮ ಮನೆಯಲ್ಲಿ ಎರಡೂ ಆಗಿವೆ. ಪಶ್ಚಿಮದ ಗೋಡೆ ಪ್ರತಿ ಮಳೆಗಾಲವೂ ಒದ್ದೆಯಾಗುತ್ತಿತ್ತು. ಅದಕ್ಕೆ ಕ್ಲೇಮ್ ಹಾಕಲಿಲ್ಲ, ಹೊರಗಿನಿಂದ ತಗಡಿನ ಹೊದಿಕೆ ಹಾಕಿಸಿದೆವು. ಅಟ್ಟದ ಟ್ಯಾಂಕಿನ ಪೈಪ್ ಒಡೆದು ಅಡುಗೆಮನೆಯವರೆಗೂ ನೀರು ಇಳಿದಾಗ ಮಾತ್ರ ಕ್ಲೇಮ್ ಮಾಡಿದೆವು. ಹಾನಿ ಅಂದಾಜು ಮಾಡಲು ಬಂದ ವಿಮಾ ಸರ್ವೇಯರ್ ಮೊದಲು ಹೆಬ್ಬೆರಳಿನಿಂದ ಗಾರೆ ಒತ್ತಿ ನೋಡಿದರು. ಎದ್ದಿದ್ದ ಬಣ್ಣದ ಚೂರೊಂದನ್ನು ಕಿತ್ತು, ಅದರ ಹಿಂಬದಿಯಲ್ಲಿ ಹಳೆಯ ಕಲೆ ಇದೆಯೇ ಎಂದು ಬೆಳಕಿಗೆ ಹಿಡಿದರು. ಬಳಿಕ ಕೇಳಿದ್ದು ಒಂದೇ: ಒಡೆದ ಎಲ್ಬೋ (ಪೈಪ್ ತಿರುವಿನ ಜೋಡಣೆ) ಎಲ್ಲಿ? ಪ್ಲಂಬರ್ ಬಿಚ್ಚಿದ್ದನ್ನು ನನ್ನ ಹೆಂಡತಿ ಎತ್ತಿಟ್ಟಿದ್ದಳು. ಆ ಸೀಳಿದ ಪ್ಲಾಸ್ಟಿಕ್ ತುಂಡು ನಮ್ಮ ಹತ್ತು ಮಾತಿಗಿಂತ ಹೆಚ್ಚು ಕೆಲಸ ಮಾಡಿತು.

ಆದ್ದರಿಂದ ನೀರನ್ನು ನಿಲ್ಲಿಸಿ, ಟಾರ್ಪಾಲು ಹಾಕಿ, ಹಾನಿ ಹೆಚ್ಚದಂತೆ ನೋಡಿಕೊಳ್ಳಿ. ಆದರೆ ಸರ್ವೇಯರ್ ನೋಡುವ ಮುನ್ನ ಗಾರೆ ಹಚ್ಚಿಸಬೇಡಿ, ಹಾಳಾದ ಹಲಗೆಯನ್ನು ಎಸೆಯಬೇಡಿ. ಎಲ್ಲ ಕೋನಗಳಿಂದ ಫೋಟೊ ತೆಗೆಯಿರಿ. ಕಂಪನಿಗೆ ಇವತ್ತೇ ತಿಳಿಸಿ, ತಡವಾದಷ್ಟೂ ಅವರಿಗೊಂದು ನೆಪ ಸಿಗುತ್ತದೆ. ಮನೆಯ ಮೇಲೆ ಬರೆ (ಗುಡ್ಡದ ಕಡಿದಾದ ಮಣ್ಣಿನ ಅಂಚು) ಕುಸಿದಿದ್ದರಂತೂ ಯೋಚನೆಯೇ ಬೇಡ, ಕ್ಲೇಮ್ ಮಾಡಿ, ಕಂದಾಯ ಇಲಾಖೆಯವರು ಮಹಜರು ನಡೆಸಿದರೆ ಅದರ ಪ್ರತಿಯನ್ನೂ ಕೇಳಿ ಪಡೆಯಿರಿ. ಕೊಡಗಿನಲ್ಲಿ ಗುಡ್ಡಗಳು ಕುಸಿದ 2018ರ ಆಗಸ್ಟ್ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಪ್ರೀಮಿಯಂ ವಿಚಾರ. ಈ ಅಂಜಿಕೆ ಬಹುಪಾಲು ವಾಹನ ವಿಮೆಯ ನೋ ಕ್ಲೇಮ್ ಬೋನಸ್‌ನಿಂದ, ಅಂದರೆ ಕ್ಲೇಮ್ ಮಾಡದ ವರ್ಷಕ್ಕೆ ಸಿಗುವ ರಿಯಾಯಿತಿಯಿಂದ, ಬಂದದ್ದು. ಮನೆ ವಿಮೆಯ ಪ್ರೀಮಿಯಂ ಮನೆಯ ಬೆಲೆಯ ಮುಂದೆ ತೀರಾ ಚಿಕ್ಕದು, ಅದು ಸ್ವಲ್ಪ ಏರಿದರೂ ನಲವತ್ತು ಸಾವಿರ ಬಿಟ್ಟುಕೊಡುವಷ್ಟೇನಲ್ಲ. ಒಂದು ಕಡಿತ ಮಾತ್ರ ಇದೆ: ಕ್ಲೇಮ್ ಕೊಟ್ಟ ಮೇಲೆ ಅಷ್ಟು ತಗ್ಗಿದ ವಿಮಾ ಮೊತ್ತವನ್ನು (ಪಾಲಿಸಿ ಕೊಡಬಹುದಾದ ಗರಿಷ್ಠ ಹಣ) ಮತ್ತೆ ಪೂರ್ಣಗೊಳಿಸಲು, ಕಂಪನಿ ಕ್ಲೇಮ್ ಹಣದಲ್ಲಿ ಉಳಿದ ಅವಧಿಯ ಪ್ರೀಮಿಯಂ ಅನ್ನು ಅನುಪಾತದಂತೆ ಹಿಡಿದುಕೊಳ್ಳಬಹುದು. ಎರಡು ಮೂರು ಸಾವಿರದ ಹಾನಿಯಾದರೆ ಮಾತ್ರ ಕೈಯಿಂದಲೇ ಮುಗಿಸುವುದು ಲೇಸು, ಓಡಾಟದ ಖರ್ಚೇ ಅಷ್ಟಾಗುತ್ತದೆ.

ಪಾಲಿಸಿ ಗೃಹಸಾಲದ ಜೊತೆ ಬ್ಯಾಂಕ್ ಮಾಡಿಸಿದ್ದಾದರೆ ಕಟ್ಟಡಕ್ಕಷ್ಟೇ ಇರಬಹುದು. ಹಾಗಿದ್ದರೆ ಬಿಡಿಯಾಗಿ ಇಟ್ಟಿರುವ ಬೀರುವಿಗೆ ಹಣ ಬರುವುದಿಲ್ಲ. ಕೋಣೆಗಳನ್ನು ಹೋಂಸ್ಟೇಗೆ ಕೊಡುತ್ತಿದ್ದರೆ ಅದನ್ನು ಮುಚ್ಚಿಡಬೇಡಿ, ಇದು ವಾಸದ ಮನೆಗೆಂದೇ ಇರುವ ಪಾಲಿಸಿ.

ಅನ್ಯಾಯವಾಗಿ ತಿರಸ್ಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ವಿಮಾ ದೂರುಗಳನ್ನು ಬಗೆಹರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಿರಿ. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ನಿಮ್ಮ ಸೀಲಿಂಗ್ ಮೇಲೆ ಟ್ಯಾಂಕ್ ಇದೆಯೇ, ಬರೀ ಹೆಂಚಿದೆಯೇ, ಕಲೆ ಹೋದ ವರ್ಷವೂ ಇತ್ತೇ ಎಂದು ತಿಳಿಸಿ. ಅಷ್ಟು ಗೊತ್ತಾದರೆ ಇನ್ನೂ ಖಚಿತವಾಗಿ ಹೇಳಬಲ್ಲೆ.