ಅಂಗಳಕ್ಕೆ ಹೊಸ ಪೇವರ್ ಹಾಕಿಸ್ತಿದ್ದೀವಿ, ಚರಂಡಿ ಲೈನಿನ ಚೇಂಬರ್ (ನೆಲದೊಳಗಿನ ಗುಂಡಿ) ಮುಚ್ಚಳ ಈಗ 2 ಇಂಚು ಕೆಳಗಾಗ್ತಿದೆ, ಏನ್ ಮಾಡೋದು?

ದಯವಿಟ್ಟು ಮುಚ್ಚಳದ ಮೇಲೇನೇ ಪೇವರ್ ಹಾಸಿ ಮುಚ್ಚಿಬಿಡ್ಬೇಡಿ, ಮೇಸ್ತ್ರಿಗಳು ಸುಲಭ ಅಂತ ಹಾಗೇ ಹೇಳ್ತಾರೆ, ಆಮೇಲೆ ಲೈನ್ ಬ್ಲಾಕ್ ಆದ್ರೆ ಇಡೀ ಅಂಗಳ ಅಗೀಬೇಕಾಗತ್ತೆ.

ಮೊದ್ಲು ಮನೆ ಗೋಡೆಯಿಂದ ಗೇಟ್ ಕಡೆಗೆ ಇಳಿಜಾರು ಫಿಕ್ಸ್ ಮಾಡಿ (10 ಅಡಿಗೆ ಸುಮಾರು 2 ಇಂಚು ಸಾಕು), ದಾರ ಎಳೆದು ಕಟ್ಟಿ, ಆ ದಾರಾನೇ ನಿಮ್ಮ ಹೊಸ ಲೆವೆಲ್. ಆಮೇಲೆ ಮುಚ್ಚಳ ತೆಗೆದು, ಚೇಂಬರ್ ಒಳಗೆ ಗಾರೆ ಬೀಳದ ಹಾಗೆ ಗೋಣಿಚೀಲ ಕಟ್ಟಿ, ಮುಚ್ಚಳ ಕೂರೋ ಫ್ರೇಮನ್ನ ಉಳಿಯಿಂದ ನಿಧಾನಕ್ಕೆ ಬಿಡಿಸಿ, ಹಳೇ ಗಾರೆ ಪೂರ್ತಿ ಕೆರೆದು ನೀರು ಚಿಮುಕಿಸಿ. 2 ಇಂಚಿಗೆ ಪೂರ್ತಿ ಇಟ್ಟಿಗೆ ಸಾಲು ಹಿಡಿಸಲ್ಲ, ಬರೀ ಗಾರೆ ಅಷ್ಟು ದಪ್ಪ ಹಾಕಿದ್ರೆ ಕಾರ್ ಹತ್ತಿದ ತಕ್ಷಣ ಬಿರುಕು ಬಿಡತ್ತೆ, ಅದಕ್ಕೆ ಸಣ್ಣ ಜಲ್ಲಿ ಕಾಂಕ್ರೀಟ್ ಹಾಕಿ ಅದರ ಮೇಲೆ 1:3 ಗಾರೇಲಿ (ಒಂದು ಪಾಲು ಸಿಮೆಂಟ್, ಮೂರು ಪಾಲು ಮರಳು) ಫ್ರೇಮ್ ಕೂರಿಸಿ. ಫ್ರೇಮೂ ಅಂಗಳದ ಇಳಿಜಾರಿಗೇ ವಾಲಿರ್ಬೇಕು, ನೆಟ್ಟಗೆ ಮಟ್ಟಕ್ಕಿಟ್ರೆ ಒಂದು ಅಂಚು ಕಾಲಿಗೆ ಎಡವತ್ತೆ.

ಒಂದು ಮುಖ್ಯ ವಿಷ್ಯ: ಮಳೆನೀರಿನ ಜಾಲಿ ಪೇವರ್‌ಗಿಂತ 5 ಎಂಎಂ ಕೆಳಗಿರ್ಲಿ, ಟಾಯ್ಲೆಟ್ ಲೈನ್ ಚೇಂಬರ್ ಮುಚ್ಚಳ ಮಾತ್ರ ಸಮಕ್ಕೆ ಅಥವಾ ಕೂದಲೆಳೆ ಮೇಲೆ, ಇಲ್ಲಾಂದ್ರೆ ಮಳೆನೀರೆಲ್ಲ ಒಳಗಿಳಿದು ಬಚ್ಚಲಲ್ಲಿ ಉಕ್ಕತ್ತೆ.