ಎ ಗುಂಪಿನ ರಕ್ತ, ತಂದೆಯ ಕಾಯಿಲೆ: ಯಾವುದು ಮುಖ್ಯ?

ತಂದೆಗೆ ಜಠರದ ಕ್ಯಾನ್ಸರ್ ಆಗಿತ್ತು, ಇಬ್ಬರದೂ ಎ ಪಾಸಿಟಿವ್, ನನಗೂ ಬರುತ್ತದೆಯೇ ಎಂದು ಕೇಳಿದ್ದೀರಿ.

ಎ ಗುಂಪಿಗೂ ಈ ಕ್ಯಾನ್ಸರ್‌ಗೂ ನಂಟು ಇರುವುದು ನಿಜ, ಆದರೆ ಎಳೆಯಷ್ಟು ತೆಳುವಾದದ್ದು. ಜಠರದ ಕ್ಯಾನ್ಸರ್ ರೋಗಿಗಳಲ್ಲಿ ಎ ಗುಂಪಿನವರು ನಿರೀಕ್ಷೆಗಿಂತ ಹೆಚ್ಚಿದ್ದಾರೆಂದು 1953ರಲ್ಲೇ ಬ್ರಿಟನ್ನಿನ ಶಸ್ತ್ರವೈದ್ಯ ಇಯಾನ್ ಏರ್ಡ್ ಮತ್ತು ಸಂಗಡಿಗರು ತೋರಿಸಿದ್ದರು. 2010ರಲ್ಲಿ ಸ್ವೀಡನ್, ಡೆನ್ಮಾರ್ಕ್‌ಗಳ ಹತ್ತು ಲಕ್ಷಕ್ಕೂ ಹೆಚ್ಚು ರಕ್ತದಾನಿಗಳ ದಾಖಲೆ ನೋಡಿದಾಗ, ಓ ಗುಂಪಿನವರಿಗಿಂತ ಎ ಗುಂಪಿನವರಲ್ಲಿ ಅಪಾಯ ಸುಮಾರು ಶೇ. 20ರಷ್ಟು ಹೆಚ್ಚಿತ್ತು. ಈ 20 ಕಂಡು ಗಾಬರಿಯಾಗಬೇಡಿ. ಓ ಗುಂಪಿನ ಹತ್ತು ಜನರಿಗೆ ಬರುವುದಾದರೆ, ಅಷ್ಟೇ ಸಂಖ್ಯೆಯ ಎ ಗುಂಪಿನವರಲ್ಲಿ ಹನ್ನೆರಡು ಜನರಿಗೆ, ಅಷ್ಟೇ. ಅದೇ ಅಧ್ಯಯನದಲ್ಲಿ ಜಠರದ ಹುಣ್ಣು ಓ ಗುಂಪಿನವರಿಗೇ ಹೆಚ್ಚು ಕಾಣಿಸಿತ್ತು!

ನಿಮ್ಮ ವಿಷಯದಲ್ಲಿ ರಕ್ತದ ಗುಂಪಿಗಿಂತ ತೂಕದ ಸಂಗತಿ ತಂದೆಯ ಕಾಯಿಲೆ. ಅದನ್ನು ಜಠರ ಮತ್ತು ಕರುಳಿನ ತಜ್ಞರಿಗೆ ತಿಳಿಸಿ, ಜಠರದಲ್ಲಿ ನೆಲೆಸುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದ ಸೋಂಕಿದೆಯೇ ಎಂದು ಪರೀಕ್ಷೆ ಮಾಡಿಸಿ. ಉಸಿರಿನ ಅಥವಾ ಮಲದ ಮಾದರಿ ಸಾಕು. ಈ ಸೋಂಕನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 1994ರಲ್ಲೇ ಕ್ಯಾನ್ಸರ್‌ಕಾರಕವೆಂದು ಗುರುತಿಸಿದೆ. ಮಾತ್ರೆಗಳಿಂದ ಸಾಮಾನ್ಯವಾಗಿ ಹೋಗುತ್ತದೆ. ಒಂದು ಎಚ್ಚರ: ಪ್ಯಾಂಟೊಪ್ರಜೋಲ್‌ನಂಥ, ಜಠರದ ಆಮ್ಲ ಕಡಿಮೆ ಮಾಡುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ಪರೀಕ್ಷೆಗೆ ಮುಂಚೆ ಎರಡು ವಾರ ಅದನ್ನು ನಿಲ್ಲಿಸದಿದ್ದರೆ ಸೋಂಕಿದ್ದರೂ ವರದಿಯಲ್ಲಿ ಇಲ್ಲವೆಂದು ಬರಬಹುದು. ಎಂಡೋಸ್ಕೋಪಿ (ಬಾಯಿಯ ಮೂಲಕ ಕೊಳವೆ ಇಳಿಸಿ ಜಠರ ನೋಡುವ ಪರೀಕ್ಷೆ) ಬೇಕೇ, ಯಾವಾಗ ಎಂಬುದನ್ನು ನಿಮ್ಮ ವಯಸ್ಸು ನೋಡಿ ಅವರೇ ಹೇಳುತ್ತಾರೆ. ಆದರೆ ಮಲ ಡಾಂಬರಿನಂತೆ ಕಪ್ಪಾದರೆ, ಕಾರಣವಿಲ್ಲದೆ ತೂಕ ಇಳಿದರೆ ಕಾಯಬೇಡಿ.